ಮಹಡಿಗೆ ಮೆಟ್ಟಿಲು ಎಲ್ಲಿದೆ?

(ಹಳೇ ಪೇಟೆಗಳ ಕಟ್ಟಡಗಳ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ. ತೋರಿಸಿದ ಚಿತ್ರಗಳು ಇಲ್ಲಿಲ್ಲ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಯಾವ ಊರಿನ ಹಳೇ ಪೇಟೆಗೆ ಹೋದರೂ ಕತ್ತಲಾದ ಮೇಲೆ ಒಂದು ಸುತ್ತು ಹಾಕುತ್ತೇನೆ. ಬೀದಿಯಲ್ಲಿ ನಿಂತು ತಲೆ ಎತ್ತಿ ನೋಡುತ್ತೇನೆ. ಕೆಳಗೆ ಅಂಗಡಿಗಳಲ್ಲಿ ಝಗಮಗ ಬೆಳಕು. ಮೊದಲ ಮಹಡಿಯಲ್ಲಿ ಅಲ್ಲೊಂದು ಇಲ್ಲೊಂದು ಕಿಟಕಿಯಲ್ಲಿ ದೀಪ. ಅದರ ಮೇಲೆ ಬರೀ ಕತ್ತಲು. ಹಗಲಲ್ಲಿ ಇದು ಗೊತ್ತಾಗುವುದಿಲ್ಲ. ಜನ ಗಿಜಿಗುಡುತ್ತಿರುತ್ತಾರೆ, ವ್ಯಾಪಾರ ಜೋರಾಗಿರುತ್ತದೆ, ಪೇಟೆ ಚೆನ್ನಾಗೇ ಇದೆ ಅನ್ನಿಸುತ್ತದೆ. ರಾತ್ರಿ ನೋಡಿದರೆ ಅರ್ಧ ಪೇಟೆಯಲ್ಲಿ ಯಾರೂ ಇಲ್ಲ.

ಮಹಡಿ ಯಾಕೆ ಖಾಲಿ ಅಂತ ಮಾಲೀಕರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಾಡಿಗೆಗೆ ಯಾರೂ ಬರುವುದಿಲ್ಲ. ರಿಪೇರಿಗೆ ದುಡ್ಡಿಲ್ಲ. ಅಣ್ಣತಮ್ಮಂದಿರ ಪಾಲು ಮುಗಿದಿಲ್ಲ. ಅನುಮತಿ ಸಿಗುವುದಿಲ್ಲ. ಇವೆಲ್ಲ ನಿಜವೇ. ಆದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಮೇಲಕ್ಕೆ ಹೋಗುವ ಮೆಟ್ಟಿಲು ಎಲ್ಲಿದೆ? ಹೆಚ್ಚಿನ ಸಲ ಅವರು ನನ್ನನ್ನು ಅಂಗಡಿಯೊಳಗೆ ಕರೆದುಕೊಂಡು ಹೋಗುತ್ತಾರೆ. ಗಲ್ಲಾಪೆಟ್ಟಿಗೆ ದಾಟಿ, ಮಾಲಿನ ರಾಶಿ ದಾಟಿ, ಹಿಂದೆ ಮೂಲೆಯಲ್ಲಿ ಒಂದು ಕಡಿದಾದ ಏಣಿಯಂಥ ಮೆಟ್ಟಿಲು. ಅಂಗಡಿ ಷಟರ್ ಎಳೆದರೆ ಮಹಡಿಗೂ ಬೀಗ. ಇನ್ನು ಅಲ್ಲಿ ಯಾರು ತಾನೇ ಮನೆ ಮಾಡುತ್ತಾರೆ?

ಕೆಲವು ಕಟ್ಟಡಗಳಲ್ಲಿ ಗಮನವಿಟ್ಟು ನೋಡಿದರೆ ಹಳೆಯ ಗುರುತು ಸಿಗುತ್ತದೆ. ಮುಂಭಾಗದ ಒಂದು ಪಕ್ಕದಲ್ಲಿ ಒಂದು ಮೀಟರ್ ಅಗಲದ ಬಾಗಿಲು ಇದ್ದ ಜಾಗ. ಚೌಕಟ್ಟಿನ ಮೇಲಿನ ಕಮಾನು ಹಾಗೇ ಉಳಿದಿರುತ್ತದೆ, ಕೆಳಗೆ ಗಾಜು ಕೂರಿಸಿರುತ್ತಾರೆ. ಒಂದು ಕಾಲಕ್ಕೆ ಅಲ್ಲಿಂದ ಮಹಡಿಗೆ ನೇರ ಮೆಟ್ಟಿಲಿತ್ತು. ಯಾರೋ ಒಬ್ಬರಿಗೆ ಅಂಗಡಿ ಇನ್ನೂ ಒಂದು ಮೀಟರ್ ಅಗಲ ಬೇಕೆನಿಸಿತು. ಕಿತ್ತು ಹಾಕಿದರು. ಬೀದಿಗೆ ಮುಖ ಮಾಡಿದ ಒಂದು ಮೀಟರಿನ ಬಾಡಿಗೆ ಜಾಸ್ತಿ ಸಿಕ್ಕಿತು. ಅದಕ್ಕೆ ಬದಲಾಗಿ ಎರಡು ಮಹಡಿ ಹೋಯಿತು. ಲೆಕ್ಕ ಹಾಕಿ ಮಾಡಿದ ತಪ್ಪಲ್ಲ ಇದು. ಆ ಹೊತ್ತಿಗೆ ಮೇಲೆ ಇದ್ದವರು ಹೇಗೂ ಖಾಲಿ ಮಾಡಿದ್ದರು, ಅಷ್ಟೇ.

ನನ್ನ ಇಡೀ ಮಾತು ಈ ಮೆಟ್ಟಿಲಿನ ಸುತ್ತಲೇ. ಗೋಡೆ, ತೊಲೆ, ಬೆಂಕಿ, ಸುಣ್ಣ ಎಲ್ಲ ಬರುತ್ತವೆ. ಆದರೆ ಮೆಟ್ಟಿಲು ಸರಿಯಾಗದೆ ಅವೆಲ್ಲ ಸರಿಯಾದರೂ ಕಟ್ಟಡ ಮತ್ತೆ ಖಾಲಿಯೇ ಇರುತ್ತದೆ.

ಕೆಳಗೆ ಅಂಗಡಿ, ಮೇಲೆ ಮನೆ ಎನ್ನುವುದು ಹೊಸ ಯೋಚನೆಯೇನಲ್ಲ. ರೋಮಿನ ಬಂದರು ಪಟ್ಟಣವಾಗಿದ್ದ ಒಸ್ಟಿಯಾದಲ್ಲಿ ಕ್ರಿ.ಶ. 2ನೇ ಶತಮಾನದ ಇಟ್ಟಿಗೆ ಕಟ್ಟಡಗಳು ಈಗಲೂ ನಿಂತಿವೆ. ಬೀದಿಗೆ ಸಾಲು ಅಂಗಡಿ. ಅಂಗಡಿಯೊಳಗೆ ಒಂದು ಅಟ್ಟ, ಅಂಗಡಿಯವನು ಮಲಗಲಿಕ್ಕೆ. ಎರಡು ಅಂಗಡಿಗಳ ನಡುವೆ ಬೀದಿಯಿಂದಲೇ ಹತ್ತುವ ಮೆಟ್ಟಿಲು, ಮೇಲಿನ ಮನೆಗಳಿಗೆ. ನೋಡಿ, ಮೆಟ್ಟಿಲು ಎರಡು ಥರ ಇತ್ತು. ಅಂಗಡಿಯವನದು ಒಳಗೆ, ಮನೆಯವರದು ಹೊರಗೆ. ಹದಿನೆಂಟು ನೂರು ವರ್ಷಗಳ ಹಿಂದೆ ಅವರಿಗೆ ಗೊತ್ತಿದ್ದದ್ದನ್ನು ನಾವು ಮರೆತೆವು.

ಪ್ಯಾರಿಸ್ಸಿನಲ್ಲಿ, ಆ ನಗರವನ್ನು ಮರುಕಟ್ಟಿಸಿದ ಅಧಿಕಾರಿ ಹೌಸ್‌ಮನ್ ಅಧಿಕಾರದಲ್ಲಿದ್ದ 1853ರಿಂದ 1870ರ ನಡುವೆ ಎದ್ದ ಕಟ್ಟಡಗಳನ್ನು ನೋಡಿ. ನೆಲಮಟ್ಟದಲ್ಲಿ ಅಂಗಡಿ, ಅದರ ಮೇಲೆ ಎತ್ತರ ಕಡಿಮೆ ಇರುವ ಅರೆಮಹಡಿ. ಅದರ ಮೇಲೆ ಉದ್ದನೆಯ ಬಾಲ್ಕನಿಯ ಶ್ರೀಮಂತರ ಮನೆ. ಮೇಲೆ ಮೇಲೆ ಹೋದ ಹಾಗೆ ಬಾಡಿಗೆ ಕಡಿಮೆ. ಸೂರಿನ ಕೆಳಗೆ ಮನೆಗೆಲಸದವರ ಪುಟ್ಟ ಕೋಣೆಗಳು. ಒಂದೇ ಬಾಗಿಲಲ್ಲಿ ಬೇರೆ ಬೇರೆ ಅಂತಸ್ತಿನ ಜನ ಒಳಗೆ ಬರುತ್ತಿದ್ದರು. ಇದನ್ನು ತಲೆಕೆಳಗು ಮಾಡಿದ್ದು ಲಿಫ್ಟ್. 1857ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿದ್ದ ಹಾಟ್ ಎಂಬ ಗಾಜು ಪಿಂಗಾಣಿ ಅಂಗಡಿಯ ಕಟ್ಟಡದಲ್ಲಿ ಓಟಿಸ್ ತಮ್ಮ ಸುರಕ್ಷಿತ ಪ್ರಯಾಣಿಕರ ಲಿಫ್ಟ್ ಕೂರಿಸಿದರು. ಬರೀ ಐದು ಮಹಡಿಯ ಕಟ್ಟಡ ಅದು. ಗಿರಾಕಿಗಳು ಮೆಟ್ಟಿಲು ಹತ್ತದೆ ಮೇಲಕ್ಕೆ ಹೋಗುವಂತಾಯಿತು. ಆಮೇಲೆ ಲಿಫ್ಟ್ ಇರುವ ಕಟ್ಟಡಗಳಲ್ಲಿ ಮೇಲಿನ ಮಹಡಿ ದುಬಾರಿಯಾಯಿತು. ಲಿಫ್ಟ್ ಇಲ್ಲದ ಮೂರು ನಾಲ್ಕು ಮಹಡಿಯ ಹಳೇ ಕಟ್ಟಡಗಳು ಸುಮ್ನೆ ಹಿಂದೆ ಬಿದ್ದವು.

ಇಪ್ಪತ್ತನೇ ಶತಮಾನದಲ್ಲಿ ಕಾನೂನೂ ಸೇರಿಕೊಂಡಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಓಹಾಯೋದ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ವಲಯ ನಿಯಮಗಳನ್ನು ಎತ್ತಿಹಿಡಿಯಿತು. ಮನೆಗಳ ವಲಯ ಬೇರೆ, ವ್ಯಾಪಾರದ ವಲಯ ಬೇರೆ. 1933ರಲ್ಲಿ ಯುರೋಪಿನ ಆಧುನಿಕ ವಾಸ್ತುಶಿಲ್ಪಿಗಳು ಮಾರ್ಸೇಲ್‌ನಿಂದ ಅಥೆನ್ಸಿಗೆ ಹಡಗಿನಲ್ಲಿ ಹೋಗುತ್ತಾ ಸಭೆ ನಡೆಸಿದರು. ನಗರವೆಂದರೆ ವಾಸ, ಕೆಲಸ, ವಿಹಾರ, ಸಂಚಾರ ಎಂಬ ನಾಲ್ಕು ಭಾಗ ಅಂದರು. ಹಡಗಿನಲ್ಲಿ ಕೂತು ಬೀದಿಯ ಬಗ್ಗೆ ತೀರ್ಮಾನ ಮಾಡಿದ್ದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ. ಕಾರ್ಖಾನೆಯ ಹೊಗೆ ಮನೆಗೆ ಬರಬಾರದು ಎನ್ನುವುದು ಸರಿಯಾದ ಕಾಳಜಿಯೇ. ಆದರೆ ಟೈಲರ್ ಅಂಗಡಿಯ ಮೇಲೆ ಟೈಲರ್ ಮನೆ ಇರಬಾರದು ಎನ್ನುವ ಮಟ್ಟಕ್ಕೆ ಅದು ಹೋಯಿತು. ಹಳೇ ಪೇಟೆಯ ಕಟ್ಟಡಗಳು ಕೂತಲ್ಲೇ ನಿಯಮಬಾಹಿರವಾದವು.

ಈಗ ಕೆಲಸಕ್ಕೆ ಬರೋಣ.

ಒಂದು ಹಳೇ ಕಟ್ಟಡ ಕೈಗೆ ಬಂದರೆ ನಾನು ಮೊದಲ ವಾರ ಪೆನ್ಸಿಲ್ ಮುಟ್ಟುವುದಿಲ್ಲ. ಮಹಡಿ ಖಾಲಿ ಮಾಡಿಸುತ್ತೇನೆ. ಯಾಕೆಂದರೆ ಖಾಲಿ ಅನ್ನುವ ಮಹಡಿ ನಿಜಕ್ಕೂ ಖಾಲಿ ಇರುವುದಿಲ್ಲ. ಅದು ಗೋದಾಮು ಆಗಿರುತ್ತದೆ. ವಾಸದ ಮನೆಯ ನೆಲವನ್ನು ಇವತ್ತಿನ ನಿಯಮಗಳು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ಲೆಕ್ಕ ಹಾಕುತ್ತವೆ. ಅಂಗಡಿಗೆ 400ರಿಂದ 500 ಕಿಲೋ. ಹಗುರ ಗೋದಾಮಿಗೇ 600 ಕಿಲೋ. ಅಂದರೆ ಮಲಗುವ ಕೋಣೆಯಲ್ಲಿ ಮಾಲು ತುಂಬಿಸಿದಾಗ ನೀವು ಆ ತೊಲೆಗಳ ಮೇಲೆ ಮೂರು ಪಟ್ಟು ಭಾರ ಹೇರುತ್ತಿದ್ದೀರಿ.

ಒಮ್ಮೆ ಒಂದು ಕಟ್ಟಡ ನೋಡಲು ಹೋಗಿದ್ದೆ. ಮೊದಲ ಮಹಡಿಯ ನೆಲ ನಡುವೆ ತಗ್ಗಾಗಿತ್ತು. ಮಾಲೀಕರು, "ವಯಸ್ಸಾಯ್ತು ಸಾರ್, ಇನ್ನು ಕೆಡವೋದೇ" ಅಂದರು. ಇನ್ನೊಬ್ಬ ಎಂಜಿನಿಯರ್ ಆಗಲೇ ಹಾಗೇ ಬರೆದುಕೊಟ್ಟಿದ್ದರಂತೆ. ಮೇಲೆ ಹೋಗಿ ನೋಡಿದರೆ ಸೂರು ಮುಟ್ಟುವಷ್ಟು ಕಾಗದದ ಬಂಡಲು. ಒತ್ತಾಗಿ ಜೋಡಿಸಿದ ಕಾಗದ ಅಷ್ಟೇ ಜಾಗದ ನೀರಿನ ಹತ್ತಿರ ಹತ್ತಿರ ತೂಕ ಬರುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ಇಳಿಸಿ ಅಂದೆ. ಮೂರು ದಿನ ಇಳಿಸಿದರು. ತಗ್ಗು ಪೂರ್ತಿ ಹೋಗಲಿಲ್ಲ, ಆದರೆ ಕಣ್ಣಿಗೆ ಕಾಣುವಷ್ಟು ಮೇಲೆ ಬಂತು. ಒಂದೇ ಒಂದು ತೊಲೆ ಗೋಡೆಯೊಳಗೆ ಕೂತ ತುದಿಯಲ್ಲಿ ಕೊಳೆತಿತ್ತು. ಆ ತುದಿಗೆ ಹೊಸ ಮರ ಜೋಡಿಸಿ ಕಬ್ಬಿಣದ ಪಟ್ಟಿ ಬಿಗಿದೆವು. ಕೆಡವಬೇಕಾಗಿದ್ದ ಕಟ್ಟಡಕ್ಕೆ ಬೇಕಾಗಿದ್ದ ಮುಖ್ಯ ಕೆಲಸ ಅಷ್ಟೇ ಆಗಿತ್ತು.

ತೊಲೆ ಕೊಳೆಯುವುದು ಹೆಚ್ಚಾಗಿ ತುದಿಯಲ್ಲೇ. ಗೋಡೆಯ ತೇವ ಅಲ್ಲಿ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ, ಗೆದ್ದಲಿಗೂ ಅದೇ ದಾರಿ. ನಡುವೆ ತಟ್ಟಿ ನೋಡಿ ಚೆನ್ನಾಗಿದೆ ಅಂದುಕೊಂಡರೆ ಮೋಸ ಹೋಗುತ್ತೀರಿ.

ಭಾರದ ಜೊತೆಗೇ ಇನ್ನೊಂದು ಅಪಾಯ. ಅಂಗಡಿ ಅಗಲ ಮಾಡಲು ನೆಲಮಟ್ಟದ ಗೋಡೆಗಳನ್ನು ಒಂದೊಂದಾಗಿ ತೆಗೆದಿರುತ್ತಾರೆ. ಮೇಲೆ ಎರಡು ಮೂರು ಮಹಡಿಯ ಭಾರದ ಇಟ್ಟಿಗೆ, ಕೆಳಗೆ ತೆಳು ಕಂಬ ಮತ್ತು ಗಾಜು. ನೆಟ್ಟಗೆ ಕೆಳಗೆ ಬರುವ ಭಾರವನ್ನು ಅದು ಹೊರಬಹುದು. ನೆಲ ಅಲುಗಿದರೆ ಪಕ್ಕಕ್ಕೆ ವಾಲದೆ ನಿಲ್ಲುವ ಶಕ್ತಿ ಇರುವುದಿಲ್ಲ. ಇನ್ನು ಮುಂಭಾಗದ ಗೋಡೆಗೂ ಒಳಗಿನ ಜಂತೆಗಳಿಗೂ ಎಷ್ಟೋ ಕಡೆ ಕಟ್ಟೇ ಇರುವುದಿಲ್ಲ, ಸುಮ್ನೆ ಒರಗಿ ನಿಂತಿರುತ್ತದೆ. 2011ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಭೂಕಂಪದಲ್ಲಿ ಹಳೇ ಇಟ್ಟಿಗೆ ಮುಂಭಾಗಗಳು ಬೀದಿಗೆ ಉರುಳಿ ಹಲವರ ಜೀವ ತೆಗೆದವು. ಹಾಗಾಗಿ ಪ್ರತಿ ಮಹಡಿಯ ಜಂತೆಗಳನ್ನು ಗೋಡೆಗೆ ಕಬ್ಬಿಣದ ಸರಳಿನಿಂದ ಕಟ್ಟುವುದು ನನ್ನ ಪಟ್ಟಿಯಲ್ಲಿ ಬಣ್ಣ ಬಳಿಯುವುದಕ್ಕಿಂತ ಬಹಳ ಮೊದಲು ಬರುತ್ತದೆ. ಕೆಲವು ಊರುಗಳಲ್ಲಿ ಹಳೇ ಗೋಡೆಯ ಹೊರಗೆ ನಕ್ಷತ್ರದ ಆಕಾರದ ಕಬ್ಬಿಣದ ಬಿಲ್ಲೆ ಕಾಣುತ್ತದಲ್ಲ, ಅದು ಅಲಂಕಾರ ಅಲ್ಲ. ಒಳಗಿನಿಂದ ಬಂದ ಸರಳಿನ ತುದಿ ಅದು.

ಬೆಂಕಿಯ ವಿಷಯಕ್ಕೆ ಬರುತ್ತೇನೆ. ಅನುಮತಿ ಕೊಡುವವರ ಜೊತೆ ನನ್ನ ಜಗಳವೆಲ್ಲ ಇಲ್ಲೇ ಆಗುವುದು. ಅವರ ಮಾತು ಸುಳ್ಳೇನಲ್ಲ. ಕೆಳಗೆ ಅಂಗಡಿಯಲ್ಲಿ ರಾತ್ರಿ ಬೆಂಕಿ ಬಿದ್ದರೆ ಮೇಲೆ ಮಲಗಿದವರಿಗೆ ಗೊತ್ತಾಗುವ ಹೊತ್ತಿಗೆ ಹೊಗೆ ಮೆಟ್ಟಿಲು ತುಂಬಿರುತ್ತದೆ. ಅದಕ್ಕೇ ಅಂಗಡಿಗೂ ಮನೆಗೂ ನಡುವಿನ ನೆಲ ಒಂದು ಗಂಟೆಯೋ ಎರಡು ಗಂಟೆಯೋ ಬೆಂಕಿ ತಡೆಯಬೇಕು ಅಂತ ನಿಯಮಗಳು ಕೇಳುತ್ತವೆ. ಇದನ್ನು ಕೇಳಿದ ತಕ್ಷಣ ಮರದ ನೆಲ ತೆಗೆದು ಕಾಂಕ್ರೀಟ್ ಹಾಕೋಣ ಎನ್ನುವವರೇ ಜಾಸ್ತಿ.

ಸ್ವಲ್ಪ ತಾಳಿ. ದಪ್ಪ ಮರ ಬೆಂಕಿಯಲ್ಲಿ ನಾವು ಅಂದುಕೊಂಡಷ್ಟು ಬೇಗ ಸೋಲುವುದಿಲ್ಲ. ಹೊರಗಿನ ಪದರ ಇದ್ದಿಲಾಗಿ ಒಳಗಿನ ಮರಕ್ಕೆ ಕಂಬಳಿ ಹೊದಿಸಿದ ಹಾಗೆ ಆಗುತ್ತದೆ. ಮೆದು ಜಾತಿಯ ಮರ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಇದ್ದಿಲಾಗುತ್ತದೆ. ಗಂಟೆಗೆ 4 ಸೆಂಟಿಮೀಟರ್ ಹತ್ತಿರ. 25 ಸೆಂಟಿಮೀಟರ್ ದಪ್ಪದ ತೊಲೆಗೆ ಒಂದು ಗಂಟೆಯ ನಂತರವೂ ನಡುವೆ ಗಟ್ಟಿ ತಿರುಳು ಉಳಿದಿರುತ್ತದೆ. ಮುಚ್ಚದೆ ಬಿಟ್ಟ ಉಕ್ಕು 550ರಿಂದ 600 ಡಿಗ್ರಿಯ ಹೊತ್ತಿಗೆ ಅರ್ಧ ಬಲ ಕಳೆದುಕೊಂಡಿರುತ್ತದೆ. ಎರಕದ ಕಬ್ಬಿಣದ ಕಂಬವಂತೂ ಕಾದಿರುವಾಗ ನೀರು ಬಿದ್ದರೆ ಸಿಡಿಯಬಹುದು. ಆದ್ದರಿಂದ ನಾವು ಮಾಡುವುದು ಹೀಗೆ: ತೊಲೆ ಬಿಡುತ್ತೇವೆ. ತೆಳು ಜಂತೆಗಳ ನಡುವೆ ಕಲ್ಲು ಕರಗಿಸಿ ಹತ್ತಿಯ ಹಾಗೆ ಮಾಡಿದ ರಾಕ್‌ವೂಲ್ ತುಂಬಿಸಿ, ಕೆಳಗೆ ಎರಡು ಪದರ ಬೆಂಕಿ ತಡೆಯುವ ಜಿಪ್ಸಂ ಹಲಗೆ ಹೊಡೆಯುತ್ತೇವೆ. ಪೈಪು, ವೈರು ತೂರಿದ ಪ್ರತಿ ತೂತು ಮುಚ್ಚುತ್ತೇವೆ. ಆ ತೂತುಗಳೇ ಮುಖ್ಯ. ಹಲಗೆ ಎಷ್ಟು ದುಬಾರಿಯದ್ದಾದರೂ ಮುಷ್ಟಿಯಷ್ಟು ತೂತು ಬಿಟ್ಟರೆ ಹೊಗೆಗೆ ಅಷ್ಟೇ ಸಾಕು. ಇದೇ ಪದರಗಳು ಸದ್ದನ್ನೂ ತಡೆಯುತ್ತವೆ. ಕೆಳಗಿನ ಸಂಗೀತಕ್ಕೆ ಇದು ಒಳ್ಳೆಯ ಮದ್ದು, ಮೇಲಿನ ಮಗುವಿನ ಓಟದ ಸದ್ದು ಮಾತ್ರ ಸ್ವಲ್ಪವೇ ಕಡಿಮೆಯಾಗುತ್ತದೆ.

ಆದರೆ ನೆಲ ಎಷ್ಟು ಗಟ್ಟಿ ಮಾಡಿದರೂ ಮೆಟ್ಟಿಲು ಅಂಗಡಿಯೊಳಗೇ ಇದ್ದರೆ ಎಲ್ಲ ವ್ಯರ್ಥ. ಬೆಂಕಿಗೆ ಮೇಲೆ ಹೋಗಲು ಅದಕ್ಕಿಂತ ಒಳ್ಳೆಯ ಚಿಮಣಿ ಬೇಕಾ? ಮನೆಯವರ ಮೆಟ್ಟಿಲು ಬೇರೆಯಾಗಿ, ಸುತ್ತ ಗೋಡೆ ಇಟ್ಟುಕೊಂಡು, ನೇರ ಬೀದಿಗೆ ಇಳಿಯಬೇಕು. ಮತ್ತೆ ಅಲ್ಲಿಗೇ ಬಂದೆವು ನೋಡಿ.

ಹಾಗಾದರೆ ಒಂದು ಮೀಟರ್ ಅಗಲ ವಾಪಸ್ ಕೊಡಿ ಅಂತ ಅಂಗಡಿಯವರನ್ನು ಕೇಳಬೇಕು. ಐದಾರು ಮೀಟರ್ ಮುಖದ ಅಂಗಡಿಯಲ್ಲಿ ಒಂದು ಮೀಟರ್ ಅಂದರೆ ಸಣ್ಣದಲ್ಲ. ಅವರು ಒಪ್ಪದಿದ್ದರೆ ಅದು ಅವರ ತಪ್ಪೂ ಅಲ್ಲ. ಇಲ್ಲಿ ನನಗೆ ಹೆಚ್ಚು ಫಲ ಕೊಟ್ಟ ಉಪಾಯ ಒಂದಿದೆ. ಅಕ್ಕಪಕ್ಕದ ಎರಡು ಮೂರು ಕಟ್ಟಡಗಳಿಗೆ ಸೇರಿ ಒಂದೇ ಮೆಟ್ಟಿಲು. ಒಂದು ಕಟ್ಟಡ ಜಾಗ ಬಿಟ್ಟುಕೊಡುತ್ತದೆ. ಮೇಲಿನ ಮಹಡಿಯಲ್ಲಿ ಜಂಟಿ ಗೋಡೆಯಲ್ಲಿ ಬಾಗಿಲು ತೆರೆದು, ಬೆಂಕಿ ತಡೆಯುವ ಬಾಗಿಲು ಕೂರಿಸಿ, ಪಕ್ಕದ ಮಹಡಿಗಳಿಗೆ ದಾರಿ ಮಾಡುತ್ತೇವೆ. ಜಾಗ ಕೊಟ್ಟವರಿಗೆ ಉಳಿದವರು ತಿಂಗಳು ತಿಂಗಳು ಬಾಡಿಗೆಯಲ್ಲಿ ಪಾಲು ಕೊಡುತ್ತಾರೆ. ಮೂರು ಮೆಟ್ಟಿಲಿನ ಬದಲು ಒಂದು, ಮೂರು ಲಿಫ್ಟಿನ ಬದಲು ಒಂದು.

ಕೇಳಲು ಸುಲಭ. ಕಟ್ಟುವ ಕೆಲಸ ನಾಲ್ಕು ತಿಂಗಳು, ಒಪ್ಪಿಸುವ ಕೆಲಸ ನಾಲ್ಕು ವರ್ಷ. ಮಹಡಿಗಳ ಮಟ್ಟ ಒಂದೇ ಇರುವುದಿಲ್ಲ, ಅರ್ಧ ಅಡಿ ಮೇಲೆ ಕೆಳಗೆ. ಅದಕ್ಕೆ ಇಳಿಜಾರು ಮಾಡಬಹುದು. ಮನಸ್ಸಿನ ಮಟ್ಟಕ್ಕೆ ಇಳಿಜಾರು ಮಾಡುವುದು ಕಷ್ಟ. ಅಜ್ಜನ ಕಾಲದ ನೀರು ಹರಿಯುವ ಜಗಳ ಎದ್ದು ಬರುತ್ತದೆ. ದಾರಿಯ ಹಕ್ಕನ್ನು ಕಾಗದದ ಮೇಲೆ ನೋಂದಾಯಿಸದೆ ಗೋಡೆಗೆ ಒಂದು ಏಟೂ ಹಾಕಬೇಡಿ. ನಾಳೆ ಕಟ್ಟಡ ಕೈ ಬದಲಾದರೆ ಹೊಸ ಮಾಲೀಕರು ಬಾಗಿಲಿಗೆ ಇಟ್ಟಿಗೆ ಕಟ್ಟುತ್ತಾರೆ. ನಾನು ಒಮ್ಮೆ ಬಾಯಿಮಾತಿಗೆ ಒಪ್ಪಿ ಆ ಪಾಠ ಕಲಿತೆ. ಗೋಡೆ ಒಡೆದದ್ದು ನಾವು, ಮುಚ್ಚುವ ಖರ್ಚೂ ನಮ್ಮದೇ ಆಯಿತು.

ಇನ್ನು ಗೋಡೆಯ ಮೈ. ಸುಣ್ಣದ ಬಗ್ಗೆ ನನಗೆ ಸ್ವಲ್ಪ ಹುಚ್ಚು ಇದೆ, ತಡೆದುಕೊಳ್ಳಿ.

ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟು ಹೋಗುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಮರಳು ಬೆರೆಸಿ ಗಾರೆ ಮಾಡಿ ಗೋಡೆಗೆ ಹಚ್ಚಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ಹೀರಿ ಮತ್ತೆ ಕಲ್ಲಾಗುತ್ತದೆ. ಈ ಗಾರೆ ಇಟ್ಟಿಗೆಗಿಂತ ಮೆದು, ಅದಕ್ಕೆ ಸಣ್ಣ ಸಣ್ಣ ರಂಧ್ರ. ಗೋಡೆಯೊಳಗೆ ನೀರು ಹೊಕ್ಕರೂ ಗಾರೆಯ ಸಂದುಗಳಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಗೋಡೆ ಸ್ವಲ್ಪ ಅಲುಗಿದರೆ ಗಾರೆ ಹೊಂದಿಕೊಳ್ಳುತ್ತದೆ. ಸವೆಯುವುದಾದರೆ ಗಾರೆ ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ. ಗಾರೆಯನ್ನು ಕೆಲವು ದಶಕಗಳಿಗೊಮ್ಮೆ ತುಂಬಿಸಿಕೊಂಡರೆ ಆಯಿತು.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದರು. ಒಳ್ಳೆಯ ವಸ್ತು, ನಾನೂ ಬಳಸುತ್ತೇನೆ. ಆದರೆ ಹಳೇ ಮೆದು ಇಟ್ಟಿಗೆಯ ಸಂದಿಗೆ ಸಿಮೆಂಟ್ ತುಂಬಿಸಿದರೆ ಏನಾಗುತ್ತದೆ? ಸಂದು ಇಟ್ಟಿಗೆಗಿಂತ ಗಟ್ಟಿಯಾಗುತ್ತದೆ. ನೀರಿಗೆ ಸಂದಿಯಿಂದ ದಾರಿ ಇಲ್ಲ, ಇಟ್ಟಿಗೆಯ ಮೈಯಿಂದಲೇ ಹೊರಗೆ ಬರಬೇಕು. ಬರುವಾಗ ಉಪ್ಪನ್ನು ತರುತ್ತದೆ. ಆ ಉಪ್ಪು ಮೇಲ್ಮೈಯ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಕಳಚಿ ಹಾಕುತ್ತದೆ. ಕೆಲವು ವರ್ಷ ಕಳೆದ ಮೇಲೆ ನೋಡಿದರೆ ಸಿಮೆಂಟಿನ ಸಂದುಗಳು ಜೇನುಗೂಡಿನ ಹಾಗೆ ಮುಂದೆ ಚಾಚಿ ನಿಂತಿರುತ್ತವೆ, ಇಟ್ಟಿಗೆ ಒಳಗೆ ಹಳ್ಳ ಬಿದ್ದಿರುತ್ತದೆ. ದುಡ್ಡು ಕೊಟ್ಟು ಮಾಡಿಸಿದ ಹಾನಿ. ಅದರ ಮೇಲೆ ಪ್ಲಾಸ್ಟಿಕ್‌ನಂಥ ಬಣ್ಣ ಬಳಿದರೆ ಮುಗಿಯಿತು. ಒಳಗೆ ಗೋಡೆ ತೇವ, ಬೂಷ್ಟು, ತೊಲೆಯ ತುದಿ ಕೊಳೆತ. ಆಮೇಲೆ "ಹಳೇ ಕಟ್ಟಡ, ಹಾಗೇ ಇರುತ್ತೆ" ಎನ್ನುವ ಮಾತು.

ಸುಣ್ಣದ ಕೆಲಸಕ್ಕೆ ಸಮಯ ಬೇಕು, ನೆರಳು ಬೇಕು, ದಿನವೂ ನೀರು ಚಿಮುಕಿಸುವ ತಾಳ್ಮೆ ಬೇಕು. ಮೇಸ್ತ್ರಿ ಸಿಗುವುದು ಕಷ್ಟ. ಸಿಕ್ಕರೆ ಒಬ್ಬ ಹುಡುಗನನ್ನು ಜೊತೆಗೆ ಕಲಿಯಲು ಹಾಕಿ ಅಂತ ನಾನು ಕರಾರಿನಲ್ಲೇ ಬರೆಸುತ್ತೇನೆ.

ಬೆಳಕು, ಗಾಳಿ. ಪೇಟೆಯ ನಿವೇಶನಗಳು ಹೆಚ್ಚಾಗಿ ಕಿರಿದು ಮತ್ತು ಉದ್ದ, ಬೀದಿಯ ಮುಖಕ್ಕೆ ಬೆಲೆ ಜಾಸ್ತಿ ಎನ್ನುವ ಕಾರಣಕ್ಕೆ. ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಕೋಣೆಯೊಳಗೆ ಹಗಲು ಬೆಳಕು ಚೆನ್ನಾಗಿ ಹೋಗುತ್ತದೆ. ಮೂರು ಮೀಟರ್ ಎತ್ತರದ ಕಿಟಕಿಗೆ ಆರೇಳು ಮೀಟರ್. ಇಪ್ಪತ್ತು ಮೀಟರ್ ಉದ್ದದ ಕಟ್ಟಡದಲ್ಲಿ ನಡುಭಾಗ ಕತ್ತಲೆಯೇ. ಹಳಬರು ಇದಕ್ಕೆ ನಡುವೆ ಗಾಳಿಬಾವಿ, ಅಂದರೆ ಆಕಾಶಕ್ಕೆ ತೆರೆದ ಸಣ್ಣ ಜಾಗ, ಬಿಟ್ಟಿದ್ದರು. ಸಿಂಗಪುರದ ಅಂಗಡಿಮನೆಗಳನ್ನು ನೋಡಿ. ಐದಾರು ಮೀಟರ್ ಅಗಲ, ಒಳಗೆ ಉದ್ದಕ್ಕೆ ಹೋಗುತ್ತಲೇ ಇರುತ್ತದೆ, ನಡುವೆ ಗಾಳಿಬಾವಿ. ಮುಂದೆ, ಬೀದಿಯುದ್ದಕ್ಕೂ ನೆರಳಿನ ನಡೆಹಾದಿ. ಪ್ರತಿ ಕಟ್ಟಡದ ಮುಂದೆ ಸದಾ ತೆರೆದಿರುವ ಮಾಡಿನ ದಾರಿ ಇರಬೇಕು ಎಂದು, ಅಲ್ಲಿ ಬ್ರಿಟಿಷ್ ನೆಲೆ ಸ್ಥಾಪಿಸಿದ ರಾಫಲ್ಸ್ 1822ರ ಪಟ್ಟಣ ಯೋಜನೆಯ ಸೂಚನೆಯಲ್ಲೇ ಹೇಳಿದ್ದರು. 1989ರಲ್ಲಿ ಅಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ ಚೈನಾಟೌನ್, ಲಿಟಲ್ ಇಂಡಿಯಾ, ಕಂಪೊಂಗ್ ಗ್ಲಾಮ್ ಮುಂತಾದ ಪೇಟೆಗಳನ್ನು ಸಂರಕ್ಷಣೆಗೆ ಸೇರಿಸಿತು. ನನಗೆ ಅಲ್ಲಿ ಇಷ್ಟವಾದದ್ದು ಮುಂಭಾಗ ಉಳಿಸಿ ಎಂದು ಸುಮ್ಮನಾಗದೆ ಸೂರು, ಜಂಟಿ ಗೋಡೆ, ಮರದ ತೊಲೆ, ಗಾಳಿಬಾವಿ, ಮರದ ಮೆಟ್ಟಿಲು ಎಲ್ಲವನ್ನೂ ಪಟ್ಟಿಯಲ್ಲಿ ಬರೆದದ್ದು. ಮೆಟ್ಟಿಲು ನಿಯಮದ ಪಟ್ಟಿಯಲ್ಲಿದೆ ಅಂತ ಓದಿದಾಗ ನನಗೆ ಯಾರೋ ನೆಂಟರು ಸಿಕ್ಕಷ್ಟು ಖುಷಿಯಾಯಿತು.

ಗಾಳಿಬಾವಿಯನ್ನು ಶೀಟು ಹಾಕಿ ಮುಚ್ಚಿ ಅಂಗಡಿಗೆ ಸೇರಿಸಿಕೊಂಡಿರುವುದೇ ಎಲ್ಲ ಕಡೆ ಕಾಣುವುದು. ಮೊದಲು ಅದನ್ನು ತೆರೆಯಿರಿ. ಆಮೇಲೆ ಎಸಿ ಬಗ್ಗೆ ಮಾತಾಡೋಣ.

ಕೆಳಗೆ ಹೋಟೆಲ್ ಬರುವುದಾದರೆ ಮೊದಲೇ ತೀರ್ಮಾನ ಮಾಡಿ. ಅಡುಗೆಮನೆಯ ಹೊಗೆ ಕೊಳವೆ ಸೂರಿನ ಮೇಲಕ್ಕೆ ಹೋಗಬೇಕು. ಅದು ಮಹಡಿಗಳನ್ನು ದಾಟುವಾಗ ಸುತ್ತಲೂ ಬೆಂಕಿ ತಡೆಯುವ ಗೂಡು ಬೇಕು. ಜಿಡ್ಡು ತೆಗೆಯಲು ಬಾಗಿಲು ಬೇಕು. ಇದಕ್ಕೆ ಜಾಗ ಇಲ್ಲದ ಕಟ್ಟಡಕ್ಕೆ ಹೋಟೆಲ್ ಬೇಡ, ಪುಸ್ತಕದಂಗಡಿಯೋ ಕ್ಲಿನಿಕ್ಕೋ ಬರಲಿ. ಮಹಡಿಯ ಬಚ್ಚಲುಗಳನ್ನು ಒಂದರ ಮೇಲೊಂದು, ಒಂದೇ ಕೊಳವೆ ಗೂಡಿನ ಪಕ್ಕ ಇಡಿ. ಅಂಗಡಿಯ ನೆತ್ತಿಯ ಮೇಲೆ ಅಡ್ಡಡ್ಡ ಓಡುವ ಪೈಪು ಒಂದಲ್ಲ ಒಂದು ದಿನ ಸೋರುತ್ತದೆ. ಸೋರಿದ ದಿನ ಮೇಲಿನವರಿಗೂ ಕೆಳಗಿನವರಿಗೂ ಮಾತು ಬಿಡುತ್ತದೆ.

ಅಂಗಡಿಯ ಮುಖದ ಬಗ್ಗೆ ಒಂದು ಸಣ್ಣ ಗುಟ್ಟು. ಬೋರ್ಡಿನ ಹಿಂದೆ ಕೈ ಹಾಕಿ ನೋಡಿ. ಹಳೇ ಅಂಗಡಿಗಳಲ್ಲಿ ಬಾಗಿಲಿನ ಮೇಲೆ ಉದ್ದಕ್ಕೂ ಗಾಜಿನ ಪಟ್ಟಿ ಇರುತ್ತಿತ್ತು, ಬೆಳಕು ಅಂಗಡಿಯ ಹಿಂದಿನವರೆಗೆ ಹೋಗಲಿ ಅಂತ. ಫಾಲ್ಸ್ ಸೀಲಿಂಗ್ ಬಂದಾಗ ಅದನ್ನು ಮುಚ್ಚಿದರು. ಎಷ್ಟೋ ಸಲ ಗಾಜು ಇನ್ನೂ ಅಲ್ಲೇ ಇರುತ್ತದೆ.

ಈಗ ನನಗೆ ಸಿಟ್ಟು ಬರುವ ವಿಷಯ. ಒಳಗೆಲ್ಲ ಕೆಡವಿ, ಮುಂಭಾಗದ ಗೋಡೆಯನ್ನು ಮಾತ್ರ ಕಬ್ಬಿಣದ ಊರುಗೋಲಿಗೆ ನಿಲ್ಲಿಸಿ, ಹಿಂದೆ ಹೊಸ ಕಟ್ಟಡ ಎಬ್ಬಿಸುವುದು. ಮುಖವಾಡ ಉಳಿಯಿತು, ಮನುಷ್ಯ ಹೋದ. ಹೊಸ ನೆಲ ಹಳೇ ಕಿಟಕಿಯ ನಡುವೆ ಹಾದು ಹೋಗುತ್ತಿರುತ್ತದೆ, ಬೀದಿಯಿಂದಲೇ ಕಾಣುತ್ತದೆ. ಕೆಲವೊಮ್ಮೆ ಒಳಗೆ ಬೆಂಕಿಗೆ ಪೂರ್ತಿ ಸುಟ್ಟುಹೋಗಿದ್ದರೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ಆದರೆ ಇನ್ನೊಂದು ತುದಿಯ ತಪ್ಪೂ ಇದೆ. ಇಲ್ಲದ ಹಳತನ್ನು ಹುಟ್ಟುಹಾಕುವುದು. ಫೈಬರಿನ ಕಮಾನು, ಪ್ಲಾಸ್ಟಿಕ್ಕಿನ ಕಂಬ. ಹಳೇ ಕಟ್ಟಡಗಳ ಸಂರಕ್ಷಣೆಗೆ ಹಲವು ದೇಶಗಳ ತಜ್ಞರು ಒಪ್ಪಿಕೊಂಡ 1964ರ ವೆನಿಸ್ ಸನ್ನದು ಈ ವಿಷಯದಲ್ಲಿ ಬಹಳ ಸ್ಪಷ್ಟ. ಊಹೆ ಶುರುವಾಗುವಲ್ಲಿ ಪುನರುಜ್ಜೀವನದ ಕೆಲಸ ನಿಲ್ಲಬೇಕು. ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಬೇಕು, ಆದರೆ ಹೊಸದು ಎಂದು ಗೊತ್ತಾಗಬೇಕು. ನನ್ನ ಕೆಲಸದಲ್ಲಿ ಹೊಸ ಮೆಟ್ಟಿಲು ಯಾವಾಗಲೂ ಹೊಸದಾಗೇ ಕಾಣುತ್ತದೆ, ಸಾದಾ ಉಕ್ಕು, ಸಾದಾ ಮರ. ನಾಳೆ ಯಾರಿಗಾದರೂ ಬೇಡವಾದರೆ ಬೋಲ್ಟು ಬಿಚ್ಚಿ ತೆಗೆಯಬಹುದು.

ಕಟ್ಟಡ ಸರಿಯಾದ ಮೇಲೆ ಅಲ್ಲಿ ಯಾರು ಇರುತ್ತಾರೆ? ಎರಡು ಊರುಗಳ ಕತೆ ಹೇಳುತ್ತೇನೆ. ಫ್ರಾನ್ಸಿನಲ್ಲಿ 1962ರಲ್ಲಿ ಸಚಿವ ಆಂದ್ರೆ ಮಾಲ್ರೋ ಹೆಸರಿನ ಕಾನೂನು ಬಂತು. ಪ್ಯಾರಿಸ್ಸಿನ ಮಾರೆ ಪೇಟೆಯನ್ನು ಅದು ನೆಲಸಮವಾಗದಂತೆ ಕಾಪಾಡಿತು. ಅಂಗಳಗಳಲ್ಲಿ ತುಂಬಿದ್ದ ಶೆಡ್ಡುಗಳು, ಸಣ್ಣ ಕಾರ್ಖಾನೆಗಳು ಹೋದವು. ಕಲ್ಲು ಬೆಳಗಿತು. ಬಾಡಿಗೆಯೂ ಏರಿತು, ಕುಶಲಕರ್ಮಿಗಳೂ ಬಡ ಬಾಡಿಗೆದಾರರೂ ನಿಧಾನಕ್ಕೆ ಹೊರಟರು. ಇಟಲಿಯ ಬೊಲೊನ್ಯಾ ಬೇರೆ ದಾರಿ ಹಿಡಿಯಿತು. ಪಿಯರ್ ಲುಯಿಜಿ ಚೆರ್ವೆಲ್ಲಾತಿ ಎಂಬ ವಾಸ್ತುಶಿಲ್ಪಿಯ ಮುಂದಾಳತ್ವದಲ್ಲಿ, 1973ರ ಯೋಜನೆಯಲ್ಲಿ, ಊರ ಹೊರಗೆ ಹೊಸ ವಸತಿ ಕಟ್ಟಲು ಇದ್ದ ಸಾರ್ವಜನಿಕ ಹಣವನ್ನು ಹಳೇ ಪೇಟೆಯ ಮನೆಗಳ ದುರಸ್ತಿಗೆ ತಿರುಗಿಸಿದರು. ಇದ್ದ ಜನ ಇದ್ದಲ್ಲೇ ಇರಬೇಕು ಎನ್ನುವುದೂ ಸಂರಕ್ಷಣೆಯ ಭಾಗವಾಯಿತು. ಅಂದುಕೊಂಡದ್ದೆಲ್ಲ ಆಗಲಿಲ್ಲ. ಆದರೂ ಗೋಡೆಯ ಜೊತೆ ಮನುಷ್ಯರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಯೋಜನೆ ಅದು.

ನಿಯಮ ಸಡಿಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಲಾಸ್ ಏಂಜಲೀಸ್ ಸಾಕ್ಷಿ. ಖಾಲಿ ಬಿದ್ದ ಹಳೇ ಕಚೇರಿ ಕಟ್ಟಡಗಳನ್ನು ಮನೆಗಳಾಗಿ ಬದಲಿಸಲು 1999ರಲ್ಲಿ ಅಲ್ಲಿ ಪ್ರತ್ಯೇಕ ನಿಯಮ ತಂದರು. ಹೊಸ ಪಾರ್ಕಿಂಗ್ ಕಟ್ಟಬೇಕಿಲ್ಲ ಅಂದರು. ಸಾವಿರಾರು ಮನೆಗಳಾದವು. ಕಾರಿಗೆ ಜಾಗ ಕೇಳುವುದು ಬಿಟ್ಟರೆ ಮನುಷ್ಯರಿಗೆ ಜಾಗ ಸಿಗುತ್ತದೆ, ಅಷ್ಟೇ ಅಲ್ವಾ?

ಪ್ರಶ್ನೆಗಳಿಗೆ ಬರೋಣ.

ಒಬ್ಬರು ಕೇಳಿದರು: "ಇಷ್ಟೆಲ್ಲ ಒದ್ದಾಡೋ ಬದಲು ಕೆಡವಿ ಕಟ್ಟಿದರೆ ಅಗ್ಗ ಅಲ್ವಾ?"

ಕೆಲವೊಮ್ಮೆ ಅಗ್ಗ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೋಲಿಕೆ ಸರಿಯಾಗಿ ಮಾಡಿ. ಹಳೇ ಪೇಟೆಯಲ್ಲಿ ಕೆಡವಿದರೆ ಇವತ್ತಿನ ನಿಯಮದ ಪ್ರಕಾರ ಬೀದಿಯಿಂದ ಹಿಂದೆ ಸರಿದು ಕಟ್ಟಬೇಕಾಗಬಹುದು, ಪಾರ್ಕಿಂಗ್ ಬಿಡಬೇಕಾಗಬಹುದು. ಈಗಿರುವಷ್ಟು ಜಾಗವೇ ಮತ್ತೆ ಸಿಗದಿರಬಹುದು. ಪಕ್ಕದ ಕಟ್ಟಡ ನಿಮ್ಮ ಜಂಟಿ ಗೋಡೆಗೆ ಒರಗಿದ್ದರೆ ಅದನ್ನು ನಿಲ್ಲಿಸುವ ಖರ್ಚೂ ನಿಮ್ಮದೇ. ಎಲ್ಲಕ್ಕಿಂತ ಮುಖ್ಯ, ದುರಸ್ತಿಯನ್ನು ಕಂತಿನಲ್ಲಿ ಮಾಡಬಹುದು. ಈ ವರ್ಷ ಸೂರು. ಮುಂದಿನ ವರ್ಷ ಮೆಟ್ಟಿಲು, ಒಂದು ಮಹಡಿ. ಆ ಬಾಡಿಗೆಯಲ್ಲಿ ಇನ್ನೊಂದು ಮಹಡಿ. ಕೆಳಗೆ ಅಂಗಡಿ ನಡೆಯುತ್ತಲೇ ಇರುತ್ತದೆ. ಕೆಡವುವುದನ್ನು ಕಂತಿನಲ್ಲಿ ಮಾಡಲು ಆಗುವುದಿಲ್ಲ.

ಇನ್ನೊಬ್ಬರು, ವಯಸ್ಸಾದವರು, ಕೇಳಿದರು: "ಮೆಟ್ಟಿಲು ಮೆಟ್ಟಿಲು ಅಂತೀರಿ, ನನಗೆ ಮಂಡಿ ನೋವು. ನಾನು ಹೇಗೆ ಹತ್ತಲಿ?"

ಸರಿಯಾದ ಪ್ರಶ್ನೆ. ಹಿಂದೆ ಅಂಗಳ ಇದ್ದರೆ ಲಿಫ್ಟನ್ನು ಅಲ್ಲಿ, ಕಟ್ಟಡದ ಹೊರಗೆ ನಿಲ್ಲಿಸುತ್ತೇನೆ. ಹಳೇ ತೊಲೆ ಕತ್ತರಿಸಬೇಕಾಗುವುದಿಲ್ಲ. ಅಂಗಳ ಇಲ್ಲದಿದ್ದರೆ ಹಂಚಿಕೊಂಡ ಮೆಟ್ಟಿಲಿನ ಪಕ್ಕ, ಮೂರು ಮಾಲೀಕರೂ ಸೇರಿ ಒಂದು. ಎರಡೂ ಆಗದಿದ್ದರೆ ಸುಳ್ಳು ಹೇಳುವುದಿಲ್ಲ, ಆ ಮಹಡಿ ಎಲ್ಲರಿಗೂ ಆಗುವುದಿಲ್ಲ. ಆಗ ನೆಲಮಟ್ಟದಲ್ಲಿ ಅಂಗಡಿಯ ಹಿಂದಿನ ಭಾಗದಲ್ಲಿ ಒಂದು ಸಣ್ಣ ಮನೆ ಮಾಡಲು ನೋಡುತ್ತೇನೆ. ಗಾಳಿಬಾವಿಯ ಪಕ್ಕ, ಬೀದಿಯಿಂದ ಪ್ರತ್ಯೇಕ ದಾರಿ ಇಟ್ಟು. ಆ ದಾರಿ ಎಷ್ಟು ಅಗಲ ಬೇಕು ಗೊತ್ತಾ? ಒಂದು ಮೀಟರ್. ಅದನ್ನು ಕೇಳಲು ಮತ್ತೆ ಅದೇ ಅಂಗಡಿಯವರ ಹತ್ತಿರ ಹೋಗಬೇಕು.